ಅಡುಗೆಮನೆ ಕಿಟಕಿಯ ಕೋಟೆ

ನಮ್ಮ ಮನೆಯ ಮಂಚದ ಕೆಳಗೆ ಪೊರಕೆ ಹೋಗುವುದಿಲ್ಲ. ಅಲ್ಲಿ ರಟ್ಟಿನ ಡಬ್ಬಗಳಿವೆ. ಮಿಕ್ಸಿ ಬಂದ ಡಬ್ಬ, ಇಸ್ತ್ರಿಪೆಟ್ಟಿಗೆ ಬಂದ ಡಬ್ಬ, ಟೀವಿ ಬಂದ ಡಬ್ಬ, ಎಲ್ಲ ಒಳಗಿನ ಥರ್ಮಾಕೋಲ್ ಸಮೇತ. ಒಂದನ್ನೂ ಎಸೆಯಲು ನಮ್ಮ ಯಜಮಾನರು ಬಿಟ್ಟವರಲ್ಲ. "ಹೊರಡುವಾಗ ಬೇಕಾಗುತ್ತೆ" ಎನ್ನುತ್ತಾರೆ. ಈ ಮಾತನ್ನು ಅವರು ಮೊದಲ ಸಲ ಹೇಳಿದಾಗ ಮಗಳು ನನ್ನ ಹೊಟ್ಟೆಯಲ್ಲಿದ್ದಳು. ಈಗ ಅವಳು ನನಗಿಂತ ಎತ್ತರ ಬೆಳೆದು ಹತ್ತನೇ ಕ್ಲಾಸಿನ ಹೊಸ್ತಿಲಲ್ಲಿದ್ದಾಳೆ. ಡಬ್ಬಗಳು ಮಾತ್ರ ಇದ್ದಲ್ಲೇ ಇವೆ.

ಇವರು ಗಣಿತದ ಮೇಷ್ಟ್ರು. ನಾನು ಅದೇ ಶಾಲೆಯಲ್ಲಿ ಎರಡನೇ ಕ್ಲಾಸಿನ ಟೀಚರ್. ನಮ್ಮೂರು ಬಿಟ್ಟು ಈ ಪರದೇಶಕ್ಕೆ ಬಂದದ್ದು ಒಂದು ವರ್ಷದ ಮಟ್ಟಿಗೆ. ಇಲ್ಲಿ ಹೊರಗಿನಿಂದ ಬಂದ ಮೇಷ್ಟ್ರುಗಳಿಗೆಲ್ಲ ಕೆಲಸ ಒಂದೊಂದೇ ವರ್ಷದ್ದು. ವರ್ಷದ ಕೊನೆಗೆ ಪ್ರಿನ್ಸಿಪಾಲರು ಒಬ್ಬೊಬ್ಬರನ್ನೇ ಕರೆಯುತ್ತಾರೆ. ಇನ್ನೊಂದು ವರ್ಷ ಇರಿ ಎಂದರೆ ಇರಬೇಕು, ಸಾಕು ಎಂದರೆ ಗಂಟುಮೂಟೆ ಕಟ್ಟಬೇಕು. ಎಷ್ಟೋ ಜನ ಬಂದರು, ಹೋದರು. ಇವರಿಗೆ ಮಾತ್ರ ಪ್ರತಿ ವರ್ಷವೂ ಇರಿ ಎಂದೇ ಹೇಳುತ್ತ ಬಂದರು. ಇವರಿದ್ದರೆ ನನಗೂ ಕೆಲಸ, ಮಗಳಿಗೂ ಅದೇ ಶಾಲೆ. ಮೇಲಿನ ಮನೆಯ ಕೆಮಿಸ್ಟ್ರಿ ಮೇಷ್ಟ್ರು ನಮ್ಮ ಭಾಷೆಯವರು. ಅವರು ಇವರಿಗೆ 'ಖಾಯಂ ಮೇಷ್ಟ್ರು' ಎಂದು ಹೆಸರಿಟ್ಟುಬಿಟ್ಟರು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಇವರು ಸುತ್ತಮುತ್ತ ನೋಡಿ, "ಹಂಗೆಲ್ಲ ಅನ್ಬೇಡಿ, ಯಾರಾದ್ರೂ ಕೇಳಿಸ್ಕೊಂಡಾರು" ಎನ್ನುತ್ತಿದ್ದರು.

ಖಾಯಂ ಮೇಷ್ಟ್ರು ಈ ಕ್ವಾರ್ಟರ್ಸಿನ ಗೋಡೆಗೆ ಒಂದು ಮೊಳೆ ಹೊಡೆದವರಲ್ಲ. ಬಿಟ್ಟು ಹೋಗುವಾಗ ಗೋಡೆಯ ತೂತುಗಳನ್ನೆಲ್ಲ ಮುಚ್ಚಿಸಿ ಕೊಡಬೇಕು ಎಂದು ಬೀಗದ ಕೈ ಕೊಟ್ಟ ದಿನ ಶಾಲೆಯ ಗುಮಾಸ್ತ ಹೇಳಿದ್ದ. ಅದನ್ನು ಇವರು ವೇದವಾಕ್ಯದ ಹಾಗೆ ತಲೆಯ ಮೇಲೆ ಹೊತ್ತರು. ನಮ್ಮ ಗಡಿಯಾರ ಫ್ರಿಜ್ಜಿನ ನೆತ್ತಿಯ ಮೇಲೆ ಗೋಡೆಗೆ ಒರಗಿ ಕೂತಿದೆ. ಫ್ರಿಜ್ಜಿನ ಮೋಟಾರು ಗುರ್ ಎಂದಾಗ ಅದೂ ನಡುಗುತ್ತದೆ. ಕನ್ನಡಿ ಕುರ್ಚಿಯ ಮೇಲಿದೆ. ಇಷ್ಟು ವರ್ಷವೂ ಸೊಂಟ ಬಗ್ಗಿಸಿ ತಲೆ ಬಾಚಿಕೊಂಡೇ ನಾನು ಶಾಲೆಗೆ ಹೋಗಿದ್ದೇನೆ. ಒಂದು ಮೊಳೆ ರೀ, ಒಂದೇ ಒಂದು ಮೊಳೆ ಎಂದು ಬೇಡಿಕೊಂಡಿದ್ದೇನೆ. "ಇನ್ನೆಷ್ಟು ದಿನ ಇರ್ತೀವಿ, ಹೊಂದಿಸ್ಕೊಂಡು ಹೋಗು" ಎಂಬ ಉತ್ತರ ಬರುತ್ತಿತ್ತು. ನಾನು ಹಲ್ಲು ಕಚ್ಚಿಕೊಂಡು ಬಾಚಣಿಗೆ ಕೈಗೆತ್ತಿಕೊಳ್ಳುತ್ತಿದ್ದೆ.

ಬರೀ ದೂರೇ ಹೇಳಿದರೆ ನ್ಯಾಯವಲ್ಲ. ಪಾಠದಲ್ಲಿ ಇವರನ್ನು ಮೀರಿಸುವವರಿಲ್ಲ. ಇಡೀ ಶಾಲೆಯ ಟೈಂಟೇಬಲ್ ಮಾಡುವವರೂ ಇವರೇ. ವರ್ಷದ ಕೊನೆಯಲ್ಲಿ ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿ, ಪೆನ್ಸಿಲ್ಲು ರಬ್ಬರು ಹಿಡಿದು ಕೂತರೆಂದರೆ ನಮಗೆಲ್ಲ ತಟ್ಟೆ ತೊಡೆಯ ಮೇಲೆ. ಎಲ್ಲರಿಗೂ ಬೆಳಗಿನ ಪೀರಿಯಡ್ಡೇ ಬೇಕು. ಮಧ್ಯಾಹ್ನ ಊಟವಾದ ಮೇಲಿನ ಪೀರಿಯಡ್ಡು ಯಾರಿಗೂ ಬೇಡ, ಮಕ್ಕಳು ಆಕಳಿಸುತ್ತ ಕೂತಿರುತ್ತಾರೆ. ಆ ಬೇಡವಾದ ಪೀರಿಯಡ್ಡುಗಳನ್ನೆಲ್ಲ ಇವರು ತಮ್ಮ ಹೆಸರಿಗೇ ಬರೆದುಕೊಂಡು ಜಗಳ ಮುಗಿಸುತ್ತಿದ್ದರು. ಟೈಂಟೇಬಲ್ ಮಾಡುವವನಿಗೆ ಅಷ್ಟಾದರೂ ಸ್ವಾರ್ಥ ಬೇಡವೇ ಎಂದು ನಾನು ಕೇಳುತ್ತಿದ್ದೆ. "ಯಾರ ಬಾಯಲ್ಲೂ ಬೀಳಬಾರದು" ಎಂಬುದು ಇವರ ನೀತಿ. ಯಾರ ಬಾಯಲ್ಲೂ ಬೀಳದೆ, ಯಾರ ಕಣ್ಣಿಗೂ ಬೀಳದೆ, ಗೋಡೆಗೆ ಗುರುತೂ ಬೀಳದೆ ಇದ್ದುಬಿಡುವುದು.

ಇನ್ನು ಕೋಟೆಯ ವಿಚಾರ. ಊರಿನಿಂದ ನನ್ನ ತಂಗಿ ಫೋನ್ ಮಾಡಿದಾಗಲೆಲ್ಲ, "ಪರದೇಶದಲ್ಲಿದ್ದೀಯಲ್ಲಕ್ಕಾ, ಏನೇನ್ ನೋಡ್ದೆ?" ಎಂದು ಕೇಳುತ್ತಾಳೆ. ವೀಸಾ ಕಚೇರಿ ನೋಡಿದೆ, ಬ್ಯಾಂಕು ನೋಡಿದೆ, ಆಸ್ಪತ್ರೆ ನೋಡಿದೆ, ಸಗಟು ತರಕಾರಿ ಮಾರ್ಕೆಟ್ಟು ನೋಡಿದೆ ಎಂದರೆ ಅವಳು ನಗುತ್ತಾಳೆ. ನಗುವ ಮಾತೇ ಅಲ್ಲ ಅದು. ನನ್ನ ಅಡುಗೆಮನೆಯ ಕಿಟಕಿಯಲ್ಲಿ, ನಲ್ಲಿಗೆ ನೇರವಾಗಿ, ಗುಡ್ಡದ ಮೇಲೆ ಕೋಟೆ ಕಾಣುತ್ತದೆ. ಜನ ಎಲ್ಲೆಲ್ಲಿಂದಲೋ ವಿಮಾನ ಹತ್ತಿ ಬಂದು ಅದನ್ನು ನೋಡುತ್ತಾರೆ. ಸಂಜೆಯಾದರೆ ಅದಕ್ಕೆ ಬಣ್ಣದ ದೀಪ ಹಾಕುತ್ತಾರೆ. ನಾನು ಪಾತ್ರೆ ತೊಳೆಯುತ್ತ ಅದು ಹಳದಿಯಾಗುವುದನ್ನು, ನೀಲಿಯಾಗುವುದನ್ನು ನೋಡಿದ್ದೇನೆ. ಅಲ್ಲಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.

ಹೋಗಲಿಲ್ಲವೇಕೆ? ಅದಕ್ಕೆ ಕಾರಣ ನಮ್ಮ ಕ್ವಾರ್ಟರ್ಸಿನದೇ ಒಂದು ರೂಢಿ. ಇಲ್ಲಿರುವವರೆಲ್ಲ, ಕೋಟೆ ಎಲ್ಲಿಗೆ ಓಡಿ ಹೋಗುತ್ತದೆ, ಯಾವಾಗಲಾದರೂ ನೋಡಿದರಾಯಿತು ಎಂದುಕೊಂಡೇ ಇರುತ್ತಾರೆ. ಪ್ರಿನ್ಸಿಪಾಲರು ಯಾರಿಗಾದರೂ ಸಾಕು ಎಂದರೋ, ಅವರಿಗೆ ಆಗ ನೆನಪಾಗುತ್ತದೆ. ಇಷ್ಟು ವರ್ಷ ಇದ್ದು ಕೋಟೆ ನೋಡಲಿಲ್ಲ ಎಂದರೆ ಊರಲ್ಲಿ ಉಗಿಯುತ್ತಾರಲ್ಲ ಎಂದು ಮುಂದಿನ ಭಾನುವಾರವೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ, ಹೆಬ್ಬಾಗಿಲಿನ ಫಿರಂಗಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ಹೀಗಾಗಿ ಕ್ವಾರ್ಟರ್ಸಿನಲ್ಲಿ ಯಾರಾದರೂ ಕೋಟೆಗೆ ಹೋಗಿ ಬಂದರು ಎಂದರೆ ಹೊರಟರು ಎಂದೇ ಲೆಕ್ಕ. ಅವತ್ತು ಸಂಜೆಯೇ ಅಕ್ಕಪಕ್ಕದವರು ಬಂದು ಸೋಫಾ ತಡವಿ ನೋಡುತ್ತಾರೆ, ವಾಷಿಂಗ್ ಮಷೀನ್ ಯಾರಿಗಾದರೂ ಕೊಡುತ್ತೇವೆಂದು ಹೇಳಿದ್ದೀರಾ ಎಂದು ಕೇಳುತ್ತಾರೆ. ನಾವೂ ಒಂದು ಕಪಾಟನ್ನು ಹೀಗೆಯೇ ಕೊಂಡವರು.

ಇದನ್ನು ಇವರು ಎಷ್ಟು ಹಚ್ಚಿಕೊಂಡಿದ್ದರೆಂದರೆ, ಕೋಟೆಯ ಕಡೆ ಹೋಗುವ ಬಸ್ಸನ್ನೇ ಹತ್ತುತ್ತಿರಲಿಲ್ಲ. ಮಗಳ ಕ್ಲಾಸಿನವರು ಒಮ್ಮೆ ಕೋಟೆಗೆ ಪಿಕ್‌ನಿಕ್ ಹೋದಾಗ ಅವಳಿಗೆ ಸ್ವಲ್ಪ ಮೈ ಬಿಸಿಯಿದೆ ಎಂದು ಮನೆಯಲ್ಲೇ ಉಳಿಸಿಕೊಂಡರು. ಮೈ ಬಿಸಿಯಿದ್ದದ್ದು ನನಗೆ, ಸಿಟ್ಟಿನಿಂದ.

ಈ ವರ್ಷ ಮಗಳ ಕ್ಲಾಸಿನಲ್ಲಿ 'ನಮ್ಮ ಊರು' ಎಂದು ಒಂದು ಪ್ರದರ್ಶನ ಇಟ್ಟರು. ಎಲ್ಲ ಮಕ್ಕಳೂ ಕೋಟೆಯಲ್ಲಿ ತೆಗೆಸಿಕೊಂಡ ಫೋಟೋ ತಂದು ಅಂಟಿಸಿದರಂತೆ. ಇವಳ ಹತ್ತಿರ ಇದ್ದದ್ದು ನಮ್ಮ ಅಡುಗೆಮನೆಯ ಕಿಟಕಿಯಿಂದ ಫೋನಿನಲ್ಲಿ ತೆಗೆದ ಚಿತ್ರ. ಅದರಲ್ಲಿ ಮುಂದೆ ನಲ್ಲಿ, ಪಾತ್ರೆ ಉಜ್ಜುವ ನಾರು, ದೂರದಲ್ಲಿ ಉಗುರಿನಷ್ಟು ಕೋಟೆ. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತಂತೆ. ಮನೆಗೆ ಬಂದವಳೇ ಬ್ಯಾಗು ಎಸೆದು ಅಪ್ಪನ ಎದುರು ನಿಂತಳು.

"ಅಪ್ಪ, ನಾನ್ ಹುಟ್ಟಿದ್ದೆಲ್ಲಿ?"

"ಇಲ್ಲೇ."

"ಓದಿದ್ದು?"

"ಇಲ್ಲೇ ಪುಟ್ಟಿ."

"ಹಂಗಾದ್ರೆ ಇದು ನಮ್ಮೂರೋ ಅಲ್ವೋ? ಕ್ಲಾಸಲ್ಲಿ ಕೋಟೆ ನೋಡದೆ ಇರೋಳು ನಾನೊಬ್ಳೇ."

"ಹತ್ತನೇ ಕ್ಲಾಸ್ ಒಂದು ಮುಗೀಲಿ. ನಾನೇ ಕರ್ಕೊಂಡ್ ಹೋಗ್ತೀನಿ" ಎಂದರು ಇವರು. ಇವರ ಭಯ ನನಗೆ ಅರ್ಥವಾಗದ್ದೇನಲ್ಲ. ಇನ್ನೊಂದು ವರ್ಷ ದಾಟಿದರೆ ಮಗಳು ಓದಿದ ಶಾಲೆಯಲ್ಲೇ ಹತ್ತನೇ ಕ್ಲಾಸಿನ ಪರೀಕ್ಷೆ ಬರೆಯುತ್ತಾಳೆ. ನಡುವೆ ಊರಿಗೆ ಕಿತ್ತುಕೊಂಡು ಹೋದರೆ ಅಲ್ಲಿಯ ಪುಸ್ತಕ ಬೇರೆ, ಪಾಠ ಬೇರೆ, ಅವಳಿಗೆ ಬರೆಯಲು ಬಾರದ ಭಾಷೆ ಬೇರೆ. ಅರ್ಥವಾದರೂ ನನಗೆ ಪಿತ್ತ ನೆತ್ತಿಗೇರಿತು.

"ಅಲ್ರೀ, ನಾಯಿಗಳಿಗೆಲ್ಲ ನಾಲ್ಕು ಕಾಲು, ಹಂಗಂತ ನಾಲ್ಕು ಕಾಲಿರೋದೆಲ್ಲ ನಾಯಿ ಅಲ್ಲ ಅಂತ ಒಂಬತ್ತನೇ ಕ್ಲಾಸಿಗೆ ಪಾಠ ಮಾಡೋರು ನೀವೇ ತಾನೆ? ಹೊರಟೋರು ಕೋಟೆ ನೋಡ್ತಾರೆ, ಸರಿ. ಕೋಟೆ ನೋಡಿದ ತಕ್ಷಣ ಹೊರಡ್ಬೇಕು ಅಂತ ಎಲ್ಲಿದೆ?"

"ಲೆಕ್ಕ ಬೇರೆ, ಕ್ವಾರ್ಟರ್ಸ್ ಬೇರೆ ಕಣೆ" ಎಂದರು.

"ನೀವ್ ಬಂದ್ರೆ ಬನ್ನಿ, ಬಿಟ್ರೆ ಬಿಡಿ. ಭಾನುವಾರ ನಾನೂ ಮಗಳೂ ಹೋಗೋರೇ" ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದೆ. ಭಾನುವಾರ ನಾವು ಚಪ್ಪಲಿ ಮೆಟ್ಟುವ ಹೊತ್ತಿಗೆ ಇವರು ನೀರಿನ ಬಾಟಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು, ಮುಖ ಮಾತ್ರ ಹರಳೆಣ್ಣೆ ಕುಡಿದವರ ಹಾಗೆ. ತಲೆಗೆ ಟೋಪಿ ಬೇರೆ. ಯಾರೂ ಗುರುತು ಹಿಡಿಯಬಾರದಲ್ಲ.

ಅಲ್ಲಿ ಹೋದರೆ ರೋಪ್‌ವೇ ಕೆಟ್ಟು ನಿಂತಿತ್ತು. ಟಿಕೆಟ್ಟಿಗೆ ಎರಡು ಸಾಲು: ಈ ದೇಶದವರಿಗೆ ಒಂದು, ಹೊರಗಿನವರಿಗೆ ಒಂದು. ಮಗಳು ಎಂದಿನಂತೆ ಇಲ್ಲಿಯ ಭಾಷೆಯಲ್ಲಿ ಪಟಪಟ ಮಾತಾಡುತ್ತ ಇಲ್ಲಿಯವರ ಸಾಲಿನಲ್ಲಿ ನಿಂತಳು. ಕಿಟಕಿಯ ಹೆಂಗಸು ಅವಳ ಮಾತಿಗೆ ನಕ್ಕು ಗುರುತಿನ ಕಾರ್ಡು ಕೇಳಿದಳು, ಕಾರ್ಡು ನೋಡಿ ಆ ಕಡೆಯ ಸಾಲು ತೋರಿಸಿದಳು. ಬಿಸಿಲಿನಲ್ಲಿ ಮತ್ತೆ ಮೊದಲಿನಿಂದ ನಿಂತೆವು. ಮಗಳು ಅಷ್ಟು ಹೊತ್ತೂ ಚಪ್ಪಲಿಯ ತುದಿಯಿಂದ ನೆಲ ಕೆರೆಯುತ್ತಿದ್ದಳು. "ಹುಟ್ಟಿದೂರಲ್ಲೂ ನಾನು ಹೊರಗಿನೋಳೇನಮ್ಮ?" ಎಂದಳು. ಟಿಕೆಟ್ ಇಲಾಖೆಯನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಮೆಟ್ಟಿಲು ಹತ್ತಿ ಹತ್ತಿ ನನ್ನ ಮಂಡಿ ಸೋತು ಹೋಯಿತು. ಆದರೆ ಮೇಲೆ ತಲುಪಿದ ಮೇಲೆ ಇವರು ಬೇರೆಯೇ ಮನುಷ್ಯರಾದರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಫಿರಂಗಿಯ ಬಾಯಿ ಇಷ್ಟು ಎತ್ತಿದರೆ ಗುಂಡು ಎಲ್ಲಿ ಬೀಳುತ್ತಿತ್ತು, ಇನ್ನಷ್ಟು ಎತ್ತಿದರೆ ಯಾಕೆ ಹತ್ತಿರವೇ ಬೀಳುತ್ತಿತ್ತು ಎಂದು ಕೈಯಲ್ಲಿ ಕೋನ ಮಾಡಿ ಮಗಳಿಗೆ ತೋರಿಸಿದರು. ಸುತ್ತ ನಾಲ್ಕು ಜನ ನಿಂತು ಕೇಳಿದರು. ಮಗಳು ಗೋಡೆಯ ಅಂಚಿಗೆ ಹೋಗಿ, "ಅಮ್ಮ, ನಮ್ಮನೆ!" ಎಂದು ಕೂಗಿದಳು. ನೋಡಿದರೆ ಹೌದು, ಕೆಳಗೆ ಕ್ವಾರ್ಟರ್ಸಿನ ಸಾಲಿನಲ್ಲಿ ನಾನು ಬೆಳಿಗ್ಗೆ ಒಣಹಾಕಿದ ಕೇಸರಿ ಹೊದಿಕೆ, ಅದರ ಪಕ್ಕ ನನ್ನ ಅಡುಗೆಮನೆಯ ಕಿಟಕಿ. ಅಲ್ಲಿಂದ ಇಲ್ಲಿಗೆ ಎಷ್ಟು ವರ್ಷ ನೋಡಿದ್ದೆ, ಇಲ್ಲಿಂದ ಅಲ್ಲಿಗೆ ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು. ಯಾಕೆಂದು ಕೇಳಬೇಡಿ.

ಹೆಬ್ಬಾಗಿಲಲ್ಲಿ ಫೋಟೋ ಬೇಡವೇ ಬೇಡ ಎಂದು ಇವರು ಹಟ ಹಿಡಿದರು. ಮಗಳು ಕೈಹಿಡಿದು ಎಳೆದು ನಿಲ್ಲಿಸಿದಳು. ಯಾರೋ ದಾರಿಹೋಕರು ತೆಗೆದುಕೊಟ್ಟರು. ಚಿತ್ರದಲ್ಲಿ ಮಗಳು ನಡುವೆ, ಬಾಯ್ತುಂಬ ನಗು. ನಾನು ಬೆವರು ಒರೆಸುತ್ತಿದ್ದೇನೆ. ಇವರ ಅರ್ಧ ಮೈ ಫಿರಂಗಿಯ ಹಿಂದಿದೆ. ಆ ಚಿತ್ರವನ್ನು ಮಗಳು ಬಸ್ಸಿನಲ್ಲೇ ತನ್ನ ಫೋನಿನ ಸ್ಟೇಟಸ್ಸಿಗೆ ಹಾಕಿದಳು. ಹಾಕದೆ ಇರುತ್ತಾಳೆಯೇ, ಹದಿನಾಲ್ಕು ವರ್ಷ ಕಾದಿದ್ದಾಳೆ.

ನಾವು ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಕೆಮಿಸ್ಟ್ರಿ ಮೇಷ್ಟ್ರ ಹೆಂಡತಿ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಅಳತೆ ಟೇಪು.

"ಏನ್ರೀ ಇದು, ಒಂದು ಮಾತೂ ಹೇಳ್ಲಿಲ್ವಲ್ಲ! ಮೇಲೆ ಕೆಳಗೆ ಇರೋರು ನಾವು. ಹೋಗ್ಲಿ ಬಿಡಿ, ಬೇಜಾರಲ್ಲಿರ್ತೀರ. ಫ್ರಿಜ್ ಯಾರಿಗೂ ಹೇಳಿಲ್ಲ ತಾನೆ?"

"ನಾವೆಲ್ಲಿಗೂ ಹೊರಟಿಲ್ಲ. ಸುಮ್ನೆ ನೋಡಕ್ ಹೋಗಿದ್ವಿ" ಎಂದೆ.

"ಎಲ್ರೂ ಮೊದಲು ಹಂಗೇ ಅನ್ನೋದು" ಎಂದು ಆಕೆ ಫ್ರಿಜ್ಜಿನ ಅಗಲ ಅಳೆದರು. ಅಳೆಯುವಾಗ ಮೇಲಿದ್ದ ಗಡಿಯಾರವನ್ನು ತೆಗೆದು ನನ್ನ ಕೈಗೆ ಕೊಟ್ಟರು. ನಾನು ಹೊರಟಿಲ್ಲ ಎಂದಷ್ಟೂ ಆಕೆಯ ಮುಖದಲ್ಲಿ ಕನಿಕರ ಹೆಚ್ಚಿತು. ಗಡಿಯಾರ ಹಿಡಿದುಕೊಂಡು ನಿಂತ ನನಗೆ ಮೈ ಪರಚಿಕೊಳ್ಳುವಂತಾಯಿತು. ಇವರೋ, ಸ್ನಾನದ ಮನೆಯಿಂದ ಹೊರಗೇ ಬರಲಿಲ್ಲ.

ಸೋಮವಾರ ಸಂಜೆ ಇವರು ಶಾಲೆಯಿಂದ ಬಂದಾಗ ಕೈಯಲ್ಲಿ ಹೂಗುಚ್ಛ ಇತ್ತು.

"ಏನಿದು?" ಎಂದೆ.

"ಸ್ಟಾಫ್ ರೂಮಲ್ಲಿ ಕೊಟ್ರು."

"ಯಾತಕ್ಕೆ ಕೊಟ್ರು?"

"ಗೊತ್ತಿಲ್ಲ. ಎಲ್ರೂ ಬಂದು ಕೈ ಕುಲುಕಿದ್ರು. ಕೆಮಿಸ್ಟ್ರಿಯವ್ರು ನಾಲ್ಕು ಮಾತಾಡಿದ್ರು, ಒಳ್ಳೇದಾಗಿ ಮಾತಾಡಿದ್ರು."

"ನಾನ್ ಹೊರಟಿಲ್ಲಪ್ಪ ಅಂತ ಹೇಳಕ್ಕೆ ನಿಮಗೆ ಬಾಯಿರ್ಲಿಲ್ವಾ?"

"ಅಷ್ಟು ಪ್ರೀತಿಯಿಂದ ಕೊಡ್ತಿರುವಾಗ ಮುಖಕ್ಕೆ ಹೊಡೆದ ಹಂಗೆ ಹೆಂಗೆ ಹೇಳೋದು? ಆಮೇಲೆ ಒಬ್ಬೊಬ್ರಿಗೇ ಹೇಳಿದ್ರಾಯ್ತು ಅನ್ಕೊಂಡೆ."

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಮೊದಲು ಪ್ರಿನ್ಸಿಪಾಲರಿಗೆ ಹೋಗಿ ಹೇಳಿ ಎಂದು ಅವತ್ತಿನಿಂದ ದಿನಾ ಬೆಳಿಗ್ಗೆ ಇವರ ಬೆನ್ನು ಬಿದ್ದೆ. ಮಂಗಳವಾರ ಅವರು ಮೀಟಿಂಗಿನಲ್ಲಿದ್ದರಂತೆ. ಮರುದಿನ ಇವರು ಬಾಗಿಲ ತನಕ ಹೋದರಂತೆ, ಒಳಗೆ ಯಾರೋ ಇದ್ದರಂತೆ. ಅದರ ಮರುದಿನ, "ಅವರು ಕೇಳದೆ ಇರೋದನ್ನ ನಾನೇ ಹೋಗಿ ಹೇಳಿದ್ರೆ, ಕೆಲಸ ಉಳಿಸ್ಕೊಳ್ಳಕ್ಕೆ ಬಂದ ಅನ್ಕೊಳಲ್ವಾ?" ಎಂದು ನನ್ನನ್ನೇ ಕೇಳಿದರು. ಕೆಲಸ ಉಳಿಸಿಕೊಳ್ಳಲೇ ತಾನೆ ಹೋಗಬೇಕಾದದ್ದು! ನಾನೇ ಹೋಗುತ್ತೇನೆ ಎಂದರೆ, "ನೀನು ಹೋದ್ರೆ ನಾನು ಸ್ಟಾಫ್ ರೂಮಲ್ಲಿ ತಲೆ ಎತ್ಕೊಂಡು ಕೂರೋದು ಬೇಡ್ವಾ" ಎಂದು ಕೈ ಮುಗಿದರು. ಗಂಡ ಕೈ ಮುಗಿದರೆ ಏನು ಮಾಡುವುದು? ಹೋಗಲಿಲ್ಲ. ಮೇಜಿನ ಮೇಲೆ ಹೂಗುಚ್ಛ ಬಾಡುತ್ತಿತ್ತು.

ಶುಕ್ರವಾರ ಪ್ರಿನ್ಸಿಪಾಲರೇ ಹೇಳಿಕಳಿಸಿದರು, ಇಬ್ಬರೂ ಬನ್ನಿ ಎಂದು. ಅವರು ಇಲ್ಲಿಯವರು, ಕೆಟ್ಟವರಲ್ಲ. ಇಂಗ್ಲಿಷಿನಲ್ಲಿ ಆಡಿದ ಅವರ ಮಾತನ್ನು ನಮ್ಮ ಭಾಷೆಯಲ್ಲೇ ಹೇಳುತ್ತೇನೆ.

"ಇಷ್ಟು ವರ್ಷ ಇದ್ರಿ. ಹೊರಡೋ ವಿಷಯ ನೀವೇ ಮೊದಲು ನನಗೆ ಹೇಳ್ತೀರಿ ಅಂದ್ಕೊಂಡಿದ್ದೆ. ಇರ್ಲಿ. ಊರಿನ ನೆನಪು ಎಲ್ರಿಗೂ ಆಗುತ್ತೆ" ಎಂದರು.

ಇವರು ಜೇಬಿನ ಪೆನ್ನು ಸರಿಮಾಡಿಕೊಂಡರು. ನಾನು ತಡೆಯಲಾರದೆ ಎದ್ದು ನಿಂತೆ. "ಸರ್, ನಾವು ಹೊರಡ್ತಿಲ್ಲ. ಯಾರ್ ಹೇಳಿದ್ದು ನಿಮಗೆ?"

ಪ್ರಿನ್ಸಿಪಾಲರು ನನ್ನನ್ನು ಬಿಟ್ಟು ಇವರ ಮುಖ ನೋಡಿದರು. "ಕೋಟೆಗೆ ಹೋಗಿ ಬಂದ್ರಂತೆ. ಸ್ಟಾಫ್ ರೂಮಲ್ಲಿ ಹೂ ಕೊಟ್ರೆ ತಗೊಂಡ್ರಂತೆ?"

"ಕೊಟ್ಟಾಗ ಬೇಡ ಅನ್ನಕ್ಕೆ ಆಗುತ್ತಾ ಸರ್" ಎಂದರು ಇವರು.

"ನಿಮಗೆ ಮುಜುಗರ ಆಗ್ಬಾರ್ದು ಅಂತ ನಾನೂ ಕೇಳ್ಲಿಲ್ಲ. ಕೆಮಿಸ್ಟ್ರಿ ಮೇಷ್ಟ್ರು ಅವರ ಹೆಂಡತಿಯ ತಮ್ಮನ ಹೆಸರು ಕೊಟ್ರು, ಅವನೂ ಗಣಿತದವನೇ. ಫೋನಲ್ಲಿ ಮಾತಾಡಿ ಮಾತು ಕೊಟ್ಟಾಯ್ತು. ವೀಸಾಕ್ಕೂ ಕಳಿಸಿ ಆಯ್ತು."

"ಮಗಳ ಹತ್ತನೇ ಕ್ಲಾಸು ಸರ್" ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕೆಲಸ ಇಲ್ಲದೆ ವೀಸಾ ಇಲ್ಲ, ವೀಸಾ ಇಲ್ಲದೆ ಶಾಲೆ ಇಲ್ಲ, ಅದು ಅವರ ಕೈಲಿಲ್ಲ ಎಂದರು. ಮೊನ್ನೆ ಒಂದು ಮಾತು ಹೇಳಿದ್ದರೆ ಯಾರನ್ನೂ ನೋಡುತ್ತಿರಲಿಲ್ಲ ಎಂದೂ ಹೇಳಿದರು. ಆ ಮಾತಿಗೆ ನನಗೆ ಬಂದ ಸಿಟ್ಟು ಅವರ ಮೇಲಲ್ಲ. ಇಬ್ಬರೂ ಮರ್ಯಾದಸ್ಥರು. ಒಬ್ಬರು ಕೇಳಲಿಲ್ಲ, ಒಬ್ಬರು ಹೇಳಲಿಲ್ಲ. ನಡುವೆ ನನ್ನ ಮಗಳ ಒಂದು ವರ್ಷ ಮುಳುಗಿ ಹೋಯಿತು. ಕೋಟೆಗೆ ಹೋದದ್ದು ತಪ್ಪು ಎಂದು ಇವತ್ತಿಗೂ ನಾನು ಒಪ್ಪುವುದಿಲ್ಲ. ಬಾಗಿಲ ತನಕ ಹೋಗಿ ತಟ್ಟದೆ ವಾಪಸ್ಸು ಬಂದದ್ದು ತಪ್ಪು.

ಎದ್ದು ಹೊರಟಾಗ ಪ್ರಿನ್ಸಿಪಾಲರು, "ಒಂದು ಉಪಕಾರ ಆಗ್ಬೇಕಲ್ಲ ಮೇಷ್ಟ್ರೇ. ಮುಂದಿನ ವರ್ಷದ ಟೈಂಟೇಬಲ್ ನೀವೇ ಮಾಡಿಕೊಟ್ಟು ಹೋದ್ರೆ..." ಎಂದರು.

"ಅದಕ್ಕೇನಂತೆ ಸರ್" ಎಂದರು ಇವರು. ಇವರಿಗೆ ಕಾಯದೆ ನಾನು ಮುಂದೆ ಮೆಟ್ಟಿಲಿಳಿದೆ.

ಮಗಳಿಗೆ ನಾನೇ ಹೇಳಿದೆ. ಅಳುತ್ತಾಳೆ, ರಂಪ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಸುಮ್ಮನೆ ಕೇಳಿಸಿಕೊಂಡು, "ನಾನ್ ಸ್ಟೇಟಸ್ ಹಾಕಿದ್ದಕ್ಕಾ?" ಎಂದಳು. ಅಲ್ಲ ಪುಟ್ಟಿ ಎಂದು ತಬ್ಬಿಕೊಂಡರೆ ಮೈ ಬಿಗಿದುಕೊಂಡಳು. ಅವತ್ತಿನಿಂದ ಅವಳು ಅಪ್ಪನ ಎದುರು ಕೂತು ಊಟ ಮಾಡುವುದನ್ನು ಬಿಟ್ಟಳು. ತಟ್ಟೆ ಹಿಡಿದು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ತಿನ್ನುತ್ತಾಳೆ.

ಹೊರಡುವ ತಯಾರಿ ಶುರುವಾಯಿತು. ಇವರಿಗೆ ಅದೊಂದೇ ಸಮಾಧಾನ, ಡಬ್ಬಗಳಿವೆಯಲ್ಲ! ಮಂಚದ ಕೆಳಗೆ ನುಗ್ಗಿ ಒಂದೊಂದನ್ನೇ ಎಳೆದರು. ಧೂಳಿಗೆ ಮೂರು ಸಲ ಸೀನಿದರು. ಮಿಕ್ಸಿಯ ಡಬ್ಬಕ್ಕೆ ಮಿಕ್ಸಿ ಇಳಿಸಲು ಹೋದರೆ ಹಿಡಿಯಲಿಲ್ಲ. ಆ ಡಬ್ಬದಲ್ಲಿ ಬಂದ ಮಿಕ್ಸಿ ಸತ್ತು ಯಾವ ಕಾಲವಾಯಿತು, ಈಗಿರುವುದು ಅದರ ಮೊಮ್ಮಗಳು. ಟೀವಿ ಡಬ್ಬವಂತೂ ಹಳೆಯ ಡೊಳ್ಳು ಹೊಟ್ಟೆಯ ಟೀವಿಯದು, ಈಗಿನ ಟೀವಿ ಅದರೊಳಗೆ ಲಟಲಟ ಅಲ್ಲಾಡಿತು. ಇಸ್ತ್ರಿಪೆಟ್ಟಿಗೆ ಡಬ್ಬದ ತಳ ಕೈಗೇ ಕಳಚಿ ಬಂತು. ಒಂದೇ ಒಂದು ಸಾಮಾನು ಅದರದರ ಡಬ್ಬಕ್ಕೆ ಸೇರಲಿಲ್ಲ. ನಾನು ನಗಲು ಶುರುಮಾಡಿದೆ, ನಿಲ್ಲಿಸಲು ಆಗಲಿಲ್ಲ. ಇವರು ಥರ್ಮಾಕೋಲ್ ತುಂಡು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು.

ಮುಂದಿನ ಭಾನುವಾರ ಬೆಳಗಿನ ತಿಂಡಿಯಾದ ಮೇಲೆ ಮೇಜಿನ ಮೇಲೆ ಟೈಂಟೇಬಲ್ಲಿನ ಹಾಳೆ ಬಿಚ್ಚಿಕೊಂಡಿತು. ನನಗೆ ಆ ಹಾಳೆಯನ್ನು ಹರಿದು ಒಲೆಗೆ ಹಾಕಬೇಕೆನಿಸಿತು. ಇವರು ಎಂದಿನಂತೆ ಪೆನ್ಸಿಲ್ಲು ಮೊನೆ ಮಾಡಿಕೊಂಡು ಗೀಟು ಹಾಕಿದರು, ತುಂಬುತ್ತ ಬಂದರು. ಬಟ್ಟೆ ಮಡಿಸುತ್ತ ನಾನು ಇಣುಕಿದೆ. ತಮ್ಮ ಹೆಸರಿದ್ದ ಕಡೆಯೆಲ್ಲ 'ಹೊಸಬರು' ಎಂದು ಬರೆದಿದ್ದರು. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆ ಹೊಸಬನಿಗೆ ಎಲ್ಲ ಬೆಳಗಿನ ಪೀರಿಯಡ್ಡುಗಳನ್ನೇ ಕೊಟ್ಟಿದ್ದರು.

"ಇಷ್ಟು ವರ್ಷ ಮಧ್ಯಾಹ್ನ ಸಾಯ್ತಾ ಇದ್ದೋರು ನೀವು. ಅವನಿಗ್ಯಾಕ್ರೀ ಬೆಳಗ್ಗೇದು?" ಎಂದು ಚೀರಿದೆ.

"ಹೊಸ ಹುಡುಗ, ಪಾಪ. ಊಟ ಆದ್ಮೇಲೆ ಮಕ್ಕಳನ್ನ ಹಿಡಿಯೋದು ಕಷ್ಟ. ಅವನಿಗೆ ಆಗಲ್ಲ" ಎಂದರು.

ನಾನು ಬಟ್ಟೆ ಅಲ್ಲೇ ಬಿಟ್ಟು ಅಡುಗೆಮನೆಗೆ ಹೋದೆ. ಹೀಗೂ ಒಬ್ಬ ಮನುಷ್ಯ ಇರುತ್ತಾನೆಯೇ? ದೇವರು ಇವರಿಗೆ ಸಿಟ್ಟು ಕೊಡಲು ಮರೆತು ಅದನ್ನೂ ನನಗೇ ಸುರಿದುಬಿಟ್ಟ.

ಆಗ ಮಗಳು ನೀರು ಕುಡಿಯಲು ಬಂದವಳು ಮೇಜಿನ ಹತ್ತಿರ ನಿಂತಳು. ಹತ್ತನೇ ಕ್ಲಾಸಿನ ಸಾಲಿನ ಮೇಲೆ ಬೆರಳಿಟ್ಟು ಓದಿದಳು.

"ನಮ್ ಕ್ಲಾಸಿಗೆ ಗಣಿತ ಮೊದಲನೇ ಪೀರಿಯಡ್ಡಾ? ಚೆನ್ನಾಗಿದೆ. ನನ್ ಫ್ರೆಂಡ್ಸಿ‌ಗೆಲ್ಲ ಖುಷಿಯಾಗುತ್ತೆ" ಎಂದಳು. ನೀರು ಕುಡಿದು, "ಹೋಗ್ಲಿ ಅಪ್ಪ, ನೋಡಿದ್ದಂತೂ ಆಯ್ತಲ್ಲ. ಅಲ್ಲಿ ಹೋದ್ಮೇಲೆ ಯಾರಾದ್ರೂ ಕೇಳಿದ್ರೆ ಹೇಳ್ಬಹುದು, ನಮ್ಮೂರಲ್ಲಿ ಒಂದು ಕೋಟೆ ಇದೆ ಅಂತ" ಎಂದು ಲೋಟ ಇಟ್ಟು ರೂಮಿಗೆ ಹೋದಳು.

ಅಡುಗೆಮನೆಯಿಂದ ನಾನು ನೋಡುತ್ತಿದ್ದೆ. ಇವರ ಪೆನ್ಸಿಲ್ಲು ನಿಂತುಹೋಗಿತ್ತು. ಆಮೇಲೆ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಹೊರಗೆ ಹೋದರು.

ಬಂದಾಗ ಕೈಯಲ್ಲಿ ಹೊಸ ಸುತ್ತಿಗೆ ಇತ್ತು, ಒಂದು ಪೊಟ್ಟಣ ಮೊಳೆ ಇತ್ತು, ಕಟ್ಟು ಹಾಕಿಸಿದ ಫೋಟೋ ಇತ್ತು. ಕೋಟೆಯ ಫೋಟೋ. ಸ್ಟೂಲು ಎಳೆದುಕೊಂಡು ಹತ್ತಿದರು. ಜನ್ಮದಲ್ಲಿ ಮೊಳೆ ಹೊಡೆದವರಲ್ಲ. ಮೊದಲನೆಯದು ಸೊಟ್ಟಗಾಯಿತು, ಎರಡನೆಯದು ಹಾರಿ ಸೋಫಾ ಕೆಳಗೆ ಹೋಯಿತು, ಮೂರನೆಯದಕ್ಕೆ ಅಂಗೈಯಗಲ ಗಾರೆ ಉದುರಿತು. ಇವರು ನಿಲ್ಲಿಸಲಿಲ್ಲ. "ಬಂದ ದಿನವೇ ಹೊಡೀಬೇಕಿತ್ತು" ಎಂದು ಗೋಡೆಗೆ ಹೇಳಿದರು. ಸದ್ದಿಗೆ ಮಗಳು ಬಂದು ಬಾಗಿಲಲ್ಲಿ ನಿಂತಳು.

ಅಷ್ಟರಲ್ಲಿ ಕೆಮಿಸ್ಟ್ರಿ ಮೇಷ್ಟ್ರ ಹೆಂಡತಿ ದಡದಡ ಇಳಿದು ಬಂದರು. ಅವರ ತಮ್ಮನಿಗೆ ಕೊಡುವುದು ಇದೇ ಮನೆ ಎಂದು ಆಗಲೇ ಗೊತ್ತಾಗಿತ್ತು. ಗೋಡೆ ನೋಡಿ ಆಕೆ ಎದೆಯ ಮೇಲೆ ಕೈ ಇಟ್ಟುಕೊಂಡರು.

"ಅಯ್ಯೋ ಮೇಷ್ಟ್ರೇ, ಹೋಗೋ ಹೊತ್ತಲ್ಲಿ ಏನಿದು! ಗೋಡೆ ಎಲ್ಲ ಹಾಳಾಗುತ್ತಲ್ಲ!"

ಇವರು ಸ್ಟೂಲಿನ ಮೇಲಿಂದಲೇ ತಿರುಗಿದರು. ಯಾರಾದರೂ ಮಾತಾಡಿಸಿದಾಗ ಇವರ ಮುಖದಲ್ಲಿ ತಾನಾಗಿ ಮೂಡುವ ಆ ನಗು ಮೂಡಲಿಲ್ಲ.

"ಆಗ್ಲಿ ಬಿಡಿ" ಎಂದರು.

ಇವರು ಇನ್ನೊಂದು ಮೊಳೆ ಹೊಡೆದು, ಫೋಟೋ ನೇತುಹಾಕಿ ಇಳಿದರು. ಸ್ಟೂಲನ್ನು ಫ್ರಿಜ್ಜಿನ ಹತ್ತಿರ ಎಳೆದುಕೊಂಡು ಹೋಗಿ ಗಡಿಯಾರಕ್ಕೆ ಒಂದು ಮೊಳೆ ಹೊಡೆದರು. ಆಮೇಲೆ ಕುರ್ಚಿಯ ಮೇಲಿದ್ದ ಕನ್ನಡಿಯನ್ನು ಎತ್ತಿ, "ನಿನಗೆ ಎಷ್ಟು ಎತ್ತರಕ್ಕೆ ಬೇಕು, ಬಂದು ನಿಲ್ಲು" ಎಂದು ನನ್ನನ್ನು ಕರೆದರು.

ನಾನು ಹೋಗಿ ಗೋಡೆಯ ಮುಂದೆ ನೇರವಾಗಿ ನಿಂತೆ. ಮಗಳು ಪೊಟ್ಟಣದಿಂದ ಮೊಳೆ ತೆಗೆದು ಅಪ್ಪನ ಕೈಗೆ ಕೊಟ್ಟಳು.